ಹಿಂದಿನದು ಕಾಣೂ ಕನ್ನಡಿ

ಏಳು ವರ್ಷ ನಾ ನೋಡಿದ್ದು
ಎಡಕ್ಕ ನನ್ನ ಮೊಣಕೈ, ಬಲಕ್ಕ ನನ್ನ ಮೊಣಕೈ.
ಕಂಪನಿ ಕೊಟ್ಟ ಕನ್ನಡಿ, ಗುಂಡಗ, ಅಂಗೈಯಷ್ಟು.
ಅದರಾಚೆ ಚಾದರ:
ಸೋಲಾಪುರದ ಗಿರಣಿಯಿಂದ ಕಟ್ಟಿ ತಂದ ಗಂಟು,
ಎರಡೂ ಕಡೆ ಆನಿ ಹೊಟ್ಟಿಯಂಗ ಇಳಿಬಿದ್ದದ್ದು.
ನವಿಲಿನ ಒಂದು ಕಣ್ಣು, ಗುಲಾಬಿಯ ಅರ್ಧ,
ಅಷ್ಟ.

ಹಿಂದ ಬರೂದನ್ನ ಕಿವೀಲೇ ನೋಡತಿದ್ದೆ.
ಕಬ್ಬಿನ ಟ್ರ್ಯಾಕ್ಟರಂದ್ರ ಮೊದಲು ಹಾಡು, ಆಮ್ಯಾಲ ಟ್ರಾಲಿ.
ಎಸ್‌ಟಿ ಬಸ್ಸಂದ್ರ ಕೆಮ್ಮು.
ಮೈಂದರ್ಗಿ ತಿರುವಿನ್ಯಾಗ ಒಂದು ದಿನ
ಏನೂ ಕೇಳಸಲಿಲ್ಲ, ಬರೇ ಗಾಳಿ ಬಂತು.
ಬಿಳೀ ಕಾರು ಮೊಣಕೈ ಸವರಿ ಹೋತು,
ಕನ್ನಡಿಯೊಳಗ ದಿನಾ ಕಾಣೂ ಅದೇ ಮೊಣಕೈ.
ಹರದ ತೋಳಿಗೆ ದಾರ ಪೋಣಿಸಿಕೋತ
ಗುರುಬಾಯಿ ಒಂದ ಮಾತು ಅಂದಳು:
"ಕನ್ನಡಿ ಬದಲಿ ಮಾಡು."
ಬೈದಿದ್ದರ ಚಲೋ ಇತ್ತು.

ಅಕ್ಕಲಕೋಟದ ಸ್ಪೇರ್‌ಪಾರ್ಟಿನ ಅಂಗಡಿ. ಗಲ್ಲಾದ ಮುಂದ ಹೊಸ ಹುಡುಗ.
"ಕನ್ನಡಿ ಬೇಕಿತ್ತು," ಅಂದೆ.
"ಕಾನಡಿ?" ಅಂದ. ಹೊಳ್ಳಿ ಒಳಗ ಕೂಗಿದ,
"ಆಜೋಬಾ, ಕಾನಡಿ ಮಾಣೂಸ!"
ಮುದುಕ ಹೊರಗ ಬಂದ. ತಂಬಾಕ ಒಂದು ದವಡಿಗೆ ಸರಿಸಿ
ನಮ್ಮ ಮಾತಿನ್ಯಾಗ ಕೇಳಿದ:
"ಆಡೂದೋ, ನೋಡೂದೋ?
ಆಡೂದು ಪುಕ್ಕಟೆ.
ನೋಡೂದಕ್ಕ ಜೋಡಿಗೆ ಮುನ್ನೂರಾ ಎಂಬತ್ತು."

ಚೌಕ ಗಾಜು, ಉದ್ದ ಕಡ್ಡಿ, ಒಂದೀಟು ಹೊಟ್ಟಿ ಉಬ್ಬಿದ್ದು.
ಉಬ್ಬಿದ ಗಾಜಿನ್ಯಾಗ ಊರು ಜಾಸ್ತಿ ಹಿಡಸತೈತಿ,
ಖರೆ, ದೂರ ಕಾಣತೈತಿ, ಅಂದ ಮುದುಕ.
ದೂರ ಐತಿ ಅಂತ ನಂಬಬ್ಯಾಡ.

ಕೂಡಿಸಿದವ ಗೈಬುಸಾಬ, ಬೇವಿನ ಗಿಡದ ಕೆಳಗ.
ಎಡಗಡೆದು ಸುಮ್ಮಕ ಕೂತಿತು.
ಬಲಗಡೆದು ತಿರುವಿದಷ್ಟೂ ಹೊರಗ ಬಂತು.
"ಈ ಗಾಡಿಗೆ ಬಲಕ್ಕ ಉಲ್ಟಾ ಥ್ರೆಡ್ಡು," ಅಂದ.
"ಯಾವನರ ಬಡದ್ರ ಮುರೀಬಾರದು, ಸಡ್ಲಾಗಬೇಕು, ಅದಕ್ಕ."
ಲೇಥಿನವನ ಹತ್ತಿರ ಓಡಿ ಬೋಲ್ಟು ಮಾಡಿಸಿ ತಂದ,
ಹಳೇ ಟ್ಯೂಬ್ ಕತ್ತರಿಸಿ ನಡುವ ತುರುಕಿದ.
ಆಮ್ಯಾಲ ನನ್ನ ಮ್ಯಾಲ ಕುಂದ್ರಸಿ
ಹಿಂದ ಆ ಕಡೆ ಈ ಕಡೆ ಅಡ್ಡಾಡಿದ.
ಕಂಡ್ನಿ? ಕಂಡಿ.
ಈಗ? ಕಂಡಿ.
ಈಗ? ಒಂದು ಕಿವಿ.
ಈಗ? ಇಲ್ಲ.
"ಅಲ್ಲಿ ಮಾತ್ರ," ಅಂದ ಕೈ ಒರೆಸಿಕೋತ,
"ಕುತ್ತಿಗಿ ಹೊಳ್ಳಿಸಿ ನೋಡಬೇಕು. ಅದಕ್ಕ ಸಾಮಾನು ಬಂದಿಲ್ಲ."

ಮರುದಿನ ನಾಗಣಸೂರ.
ಎಂದಿನಂಗ ಕೂಗಿದೆ, ಎಂದಿನಂಗ ಯಾರೂ ಬರಲಿಲ್ಲ.
ಓಣಿ ದಾಟಿದೆ.
ಕನ್ನಡಿಯೊಳಗ ಒಂದು ಬಾಗಲ ತೆರೀತು.
ಒಂದು ಕೈ ಮ್ಯಾಲೆದ್ದಿತು,
ತುಸು ಹೊತ್ತು ನಿಂತಿತು,
ಇಳೀತು.

ಗಾಡಿ ನಿಂದ್ರಸಿದೆ.
ಏಳು ವರ್ಷದ ಲೆಕ್ಕ ಗಂಟಿನ ಮ್ಯಾಲ ಬಂದು ಕೂತಿತು.
ನಾ ದಾಟಿದ ಮ್ಯಾಲ ಮನಸ್ಸು ಮಾಡಿದವರು ಎಷ್ಟೋ,
ಹಿಟ್ಟಿನ ಕೈ ತೊಳಕೊಂಡು, ಅತ್ತೀನ್ನ ಕೇಳಿ,
ಸಾಸಿವಿ ಡಬ್ಬಿಯಾಗಿನ ನೋಟು ಜಾಡಿಸಿಕೊಂಡು
ಹೊಸ್ತಿಲಿಗೆ ಬರೂದ್ರಾಗ
ಚಾದರದ ಬೆನ್ನಷ್ಟ ಕಂಡು
ಕಿವುಡ ಅದಾನ, ಅಂತ ಒಳಗ ಹೋದವರು.

ಹೊಳ್ಳಿಸಿಕೊಂಡು ಬಂದೆ.
"ನಿನಗಲ್ಲೋ ಯಪ್ಪಾ," ಅಂದಳು, "ಆಡಿಗೆ.
ಅಲ್ನೋಡು, ಮಂದಿ ಕಣದಾಗ ಬಾಯಿ ಹಾಕೈತಿ."
ಆದ್ರೂ ಗಂಟು ಬಿಚ್ಚಿಸಿದಳು.
ನೆರಮನಿಯವರೂ ಬಂದರು. ಅಂಚು ಜಗ್ಗಿದರು, ಮೂಸಿದರು.
ಈ ನವಿಲಿಗೆ ಕಾಲಿಲ್ಲ, ಅಂದಳು ಒಬ್ಬಾಕಿ.
ಶೇಂಗಾ ಮಾರಿದ ಮ್ಯಾಲ ಬಾ, ಅಂದಳು ಇನ್ನೊಬ್ಬಾಕಿ.
ಒಂದೂ ಹೋಗಲಿಲ್ಲ.

ಮತ್ತ ಕಟ್ಟಿದೆ. ಹೊಂಟೆ.
ನಲವತ್ತು ದಾಟಿದರ ಕನ್ನಡಿ ನಡಗತೈತಿ,
ಕೊಡದಾಗಿನ ನೀರಿನಂಗ ಊರು ತುಳಕತೈತಿ.
ಇನ್ನೊಂದು ಟ್ಯೂಬಿನ ತುಂಡು ಇಡ್ತೀನಂದಾನ ಗೈಬು.
ಮೂವತ್ತೈದರಾಗ ಎಲ್ಲಾ ನಿಚ್ಚಳ:
ಆಡು, ಬಾಗಲ,
ಸೊಂಟದ ಮ್ಯಾಲ ಕೈ ಇಟ್ಟು ನಿಂತಾಕಿ.

ವಾಗ್ದರಿ ತನಕ ಮೂವತ್ತೈದರಾಗ ಹೋದೆ.
ಹಿಂದಿನ ಟ್ರ್ಯಾಕ್ಟರಿನ ಹುಡುಗ ಹಾರ್ನ್ ಹೊಡದ, ಹೊಡದ.
ಕಾಣಸ್ತೀಯಪ್ಪಾ, ಅಂದೆ.
ಕಾಣಸ್ತಿ. ಹೋಗು.